ಹಲ್ಲು ತುಂಬಿಸಲು ಎಷ್ಟು ಖರ್ಚಾಗುತ್ತದೆ?

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಘದ ಸಭೆಯಲ್ಲಿ ಹಲ್ಲಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಇಲ್ಲಿ ಕುಳಿತಿರುವ ಅಧ್ಯಾಪಕರನ್ನೇ ಕೇಳಿ ನೋಡಿ. ಕೆನ್ನೆಗೆ ಕೈ ಕೊಟ್ಟು ಕುಳಿತ ಮಗುವಿನ ತಲೆಗೆ ಗಣಿತದ ಲೆಕ್ಕ ಹತ್ತುವುದಿಲ್ಲ. ರಾತ್ರಿಯಿಡೀ ಹಲ್ಲು ನೋವಿನಿಂದ ನಿದ್ದೆಗೆಟ್ಟ ಹುಡುಗಿ ಮರುದಿನ ಪರೀಕ್ಷೆಯಲ್ಲಿ ಎಷ್ಟು ಬರೆದಾಳು? ಮುಂದಿನ ಹಲ್ಲು ಕಪ್ಪಾಗಿರುವ ಹುಡುಗ ಚರ್ಚಾ ಸ್ಪರ್ಧೆಗೆ ಹೆಸರು ಕೊಡಲು ಹಿಂಜರಿಯುತ್ತಾನೆ. ಬಾಯಿ ತೆರೆದು ನಗುವುದಕ್ಕೂ ಅವನಿಗೆ ಸಂಕೋಚ. ಆದ್ದರಿಂದ ಹಲ್ಲಿನ ವಿಷಯವೂ ಶಿಕ್ಷಣದ ವಿಷಯವೇ ಎಂಬುದು ನನ್ನ ಅಭಿಪ್ರಾಯ.

ದಂತವೈದ್ಯರ ಭಾಷಣವೆಂದರೆ ದಿನಕ್ಕೆ ಎರಡು ಸಲ ಹಲ್ಲುಜ್ಜಿ, ಚಾಕಲೇಟ್ ತಿನ್ನಬೇಡಿ ಎಂಬ ಉಪದೇಶವೆಂದು ಜನ ತಿಳಿದಿದ್ದಾರೆ. ಆ ಉಪದೇಶಕ್ಕೆ ಕೊನೆಗೆ ಬರೋಣ. ಜನರ ಮನಸ್ಸಿನಲ್ಲಿರುವ ಮೊದಲ ಪ್ರಶ್ನೆ ಬೇರೆಯೇ ಇದೆ. "ಡಾಕ್ಟ್ರೇ, ಎಷ್ಟಾಗುತ್ತದೆ?" ಅನೇಕರು ಇದನ್ನು ಬಾಯಿಬಿಟ್ಟು ಕೇಳಲು ನಾಚಿಕೊಳ್ಳುತ್ತಾರೆ. ಕೇಳದೆ, ಆಸ್ಪತ್ರೆಗೂ ಬಾರದೆ, ಮನೆಯಲ್ಲೇ ಲವಂಗ ಕಚ್ಚಿಕೊಂಡು ದಿನ ದೂಡುತ್ತಾರೆ. ಇಂದು ಆ ಪ್ರಶ್ನೆಯನ್ನೇ ಬಿಡಿಸಿ ನೋಡೋಣ.

ಹಲ್ಲು ಹುಳುಕಾಗುವುದು ಹೇಗೆ?

ಹಲ್ಲಿನೊಳಗೆ ಹುಳ ಇರುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. 'ಹುಳುಕು' ಎಂಬ ಮಾತಿನಲ್ಲಿ ಆ ನಂಬಿಕೆ ಈಗಲೂ ಉಳಿದುಕೊಂಡಿದೆ. ನಿಜವಾಗಿ ಅಲ್ಲಿ ಹುಳವಿಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳಿವೆ. 1890ರಲ್ಲಿ ಮಿಲ್ಲರ್ ಎಂಬ ದಂತವಿಜ್ಞಾನಿ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಾ ಇದರ ಗುಟ್ಟನ್ನು ವಿವರಿಸಿದರು. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆ ಮತ್ತು ಪಿಷ್ಟವನ್ನು ಹುಳಿಸಿ ಆಮ್ಲ ತಯಾರಿಸುತ್ತವೆ. ಆ ಆಮ್ಲ ಹಲ್ಲಿನ ಸುಣ್ಣದಂಶವನ್ನು ಕರಗಿಸುತ್ತದೆ.

ಹಲ್ಲಿನ ಹೊರಪದರಕ್ಕೆ ಎನಾಮಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೆ ಅದಕ್ಕೆ ಜೀವಕೋಶಗಳಿಲ್ಲ, ನರಗಳೂ ಇಲ್ಲ. ಹಾಗಾಗಿ ಎನಾಮಲ್ ಕರಗುತ್ತಿರುವಾಗ ನಮಗೆ ನೋವು ಗೊತ್ತಾಗುವುದಿಲ್ಲ. ಚರ್ಮಕ್ಕೆ ಗಾಯವಾದರೆ ಮತ್ತೆ ಕೂಡಿಕೊಳ್ಳುತ್ತದೆ, ಎಲುಬು ಮುರಿದರೂ ಕೂಡುತ್ತದೆ. ಹಲ್ಲಿನಲ್ಲಿ ಒಮ್ಮೆ ಕುಳಿ ಬಿದ್ದ ಮೇಲೆ ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ಎನಾಮಲ್‌ನ ಕೆಳಗೆ ಡೆಂಟಿನ್ ಎಂಬ ಮೆದುವಾದ ಪದರವಿದೆ. ಹುಳುಕು ಅಲ್ಲಿಗೆ ತಲುಪಿದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ಮೆನ್ನುತ್ತದೆ. ಅದರ ಒಳಗೆ ರಕ್ತನಾಳ ಮತ್ತು ನರಗಳಿರುವ ಪಲ್ಪ್ ಇದೆ. ಹುಳುಕು ಅಲ್ಲಿಗೂ ಮುಟ್ಟಿತೆಂದರೆ ರಾತ್ರಿ ಮಲಗಿದಾಗ ಕಿವಿಯವರೆಗೆ ಸಿಡಿಯುವ ನೋವು ಬರುತ್ತದೆ.

ಈ ಮೂರು ಹಂತಗಳನ್ನು ದಯವಿಟ್ಟು ನೆನಪಿಡಿ. ಖರ್ಚಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ನೋವು ಬಂದ ಮೇಲೆ ದಂತವೈದ್ಯರಲ್ಲಿಗೆ ಹೋದರಾಯಿತು ಎನ್ನುವವರು ಹೆಚ್ಚಾಗಿ ಮೂರನೆಯ ಹಂತದಲ್ಲಿ ಬರುತ್ತಾರೆ. ಕಡಿಮೆ ಖರ್ಚಿನ ಚಿಕಿತ್ಸೆ ಇರುವುದು ಮೊದಲ ಎರಡು ಹಂತಗಳಲ್ಲಿ.

ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶಾಶ್ವತ ಹಲ್ಲುಗಳಲ್ಲಿ ಹುಳುಕಿದ್ದು ಚಿಕಿತ್ಸೆ ಪಡೆಯದವರು ಜಗತ್ತಿನಲ್ಲಿ ಸುಮಾರು 200 ಕೋಟಿ. ಹಾಲುಹಲ್ಲು ಹುಳುಕಾದ ಮಕ್ಕಳು 50 ಕೋಟಿಗೂ ಹೆಚ್ಚು.

ತುಂಬಿಸುವುದು ಎಂದರೇನು?

ಗೊತ್ತಿಲ್ಲದ ವಿಷಯಕ್ಕೆ ಭಯ ಹೆಚ್ಚು. ಆದ್ದರಿಂದ ದಂತವೈದ್ಯರ ಕುರ್ಚಿಯಲ್ಲಿ ಏನು ನಡೆಯುತ್ತದೆಂದು ಹೇಳುತ್ತೇನೆ.

ಮೊದಲು ವೈದ್ಯರು ಕನ್ನಡಿ ಹಿಡಿದು ಪರೀಕ್ಷಿಸುತ್ತಾರೆ. ಹುಳುಕು ಎಷ್ಟು ಆಳಕ್ಕಿಳಿದಿದೆ ಎಂದು ತಿಳಿಯಲು ಸಣ್ಣ ಎಕ್ಸ್‌ರೇ ಬೇಕಾಗಬಹುದು. ಕುಳಿ ಆಳವಾಗಿದ್ದರೆ ಒಸಡಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಕುಳಿ ಮೇಲ್ಪದರದಲ್ಲೇ ಇದ್ದರೆ ಅನೇಕ ವೇಳೆ ಚುಚ್ಚುಮದ್ದೇ ಬೇಡ. ಮಕ್ಕಳು ಹೆದರುವ 'ಗುಂಯ್' ಎನ್ನುವ ಯಂತ್ರ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹಲ್ಲು ಬಿಸಿಯಾಗದಂತೆ ಅದರ ಜೊತೆಗೇ ನೀರು ಚಿಮ್ಮುತ್ತಿರುತ್ತದೆ. ಶಬ್ದ ದೊಡ್ಡದು, ಕೆಲಸ ನಯವಾದದ್ದು. ಕೊಳೆತ ಭಾಗವನ್ನು ತೆಗೆದು ಸ್ವಚ್ಛ ಮಾಡಿ, ಆ ಜಾಗಕ್ಕೆ ತಕ್ಕ ವಸ್ತುವನ್ನು ತುಂಬುತ್ತಾರೆ. ಕೊನೆಗೆ ಬಣ್ಣದ ಕಾಗದ ಕಚ್ಚಿಸಿ, ಎಲ್ಲಿ ಎತ್ತರವಾಗಿದೆ ಎಂದು ನೋಡಿ ಉಜ್ಜಿ ಸರಿ ಮಾಡುತ್ತಾರೆ. ಸಾಮಾನ್ಯ ಹುಳುಕಾದರೆ ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಕೆಲಸ ಮುಗಿಯುತ್ತದೆ.

ಯಾವ ವಸ್ತು ತುಂಬುತ್ತಾರೆ?

ಬೆಲೆಯ ವ್ಯತ್ಯಾಸಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ನಿಮ್ಮ ತಂದೆ ತಾಯಿಯರ ದವಡೆಯಲ್ಲಿ ಬೂದು ಬಣ್ಣದ ಫಿಲ್ಲಿಂಗ್ ನೋಡಿರಬಹುದು. ಅದನ್ನು ಜನ ಬೆಳ್ಳಿ ತುಂಬಿಸುವುದು ಎನ್ನುತ್ತಾರೆ. ವೈದ್ಯರ ಭಾಷೆಯಲ್ಲಿ ಅದು ಅಮಾಲ್ಗಮ್. ಬೆಳ್ಳಿ, ತವರ, ತಾಮ್ರದ ಪುಡಿಯನ್ನು ಪಾದರಸದೊಂದಿಗೆ ಕಲಸಿ ಮಾಡುವ ಮಿಶ್ರಣ. ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವೇ. ಗಟ್ಟಿ, ಅಗ್ಗ, ಬಾಳಿಕೆ ಹೆಚ್ಚು. ಆದರೆ ಪಾದರಸ ಪರಿಸರಕ್ಕೆ ಸೇರಿದರೆ ವಿಷ. ಅದಕ್ಕಾಗಿ 2013ರಲ್ಲಿ ಮಿನಮಾಟಾ ಒಪ್ಪಂದವಾಯಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. 2022ರಲ್ಲಿ ಆ ಒಪ್ಪಂದಕ್ಕೆ ಸೇರಿಸಿದ ತಿದ್ದುಪಡಿಯಂತೆ ಹಾಲುಹಲ್ಲಿಗೆ, 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಮತ್ತು ಎದೆಹಾಲುಣಿಸುವ ತಾಯಂದಿರಿಗೆ, ವೈದ್ಯರು ಅಗತ್ಯವೆಂದು ಕಂಡ ಹೊರತು ಇದನ್ನು ಬಳಸಬಾರದು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿಯಿಂದ ಇದರ ಬಳಕೆ ಬಹುಮಟ್ಟಿಗೆ ನಿಂತಿದೆ. ಇಷ್ಟು ಕೇಳಿ ಯಾರೂ ಗಾಬರಿಯಾಗಬೇಡಿ. ಬಾಯಿಯಲ್ಲಿ ಗಟ್ಟಿಯಾಗಿ ಕೂತಿರುವ ಹಳೆಯ ಬೆಳ್ಳಿ ಫಿಲ್ಲಿಂಗನ್ನು ಸುಮ್ಮನೆ ಕೀಳಿಸುವ ಅಗತ್ಯವಿಲ್ಲ. ಕೀಳುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ.

ಎರಡನೆಯದು ಗ್ಲಾಸ್ ಅಯಾನೊಮರ್ ಸಿಮೆಂಟ್. ಪುಡಿ ಮತ್ತು ದ್ರವ ಸೇರಿಸಿ ಕಲಸುವುದು. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಲ್ಸನ್ ಮತ್ತು ಕೆಂಟ್ ಎಂಬ ವಿಜ್ಞಾನಿಗಳು ಇದನ್ನು ರೂಪಿಸಿದರು. ಹಲ್ಲಿಗೆ ತಾನಾಗಿಯೇ ಅಂಟಿಕೊಳ್ಳುತ್ತದೆ, ನಿಧಾನವಾಗಿ ಫ್ಲೋರೈಡ್ ಬಿಡುಗಡೆ ಮಾಡುತ್ತದೆ. ಮಕ್ಕಳ ಹಲ್ಲಿಗೆ, ಒಸಡಿನ ಬುಡದ ಸವೆತಕ್ಕೆ ಒಳ್ಳೆಯದು. ಜಗಿಯುವ ಭಾರ ಹೆಚ್ಚಿರುವ ದೊಡ್ಡ ಕುಳಿಗಳಲ್ಲಿ ಬೇಗ ಸವೆಯುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಮೂರನೆಯದು ಕಾಂಪೋಸಿಟ್. ಹಲ್ಲಿನ ಬಣ್ಣದ್ದೇ ಆಗಿರುತ್ತದೆ. ಹಲ್ಲಿನ ಮೇಲ್ಮೈಗೆ ಆಮ್ಲದ ಜೆಲ್ ಹಚ್ಚಿ ತೊಳೆದು, ಅಂಟು ಹಚ್ಚಿ, ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೂ ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡಬೇಕು. ಎಂಜಲು ತಾಗಿದರೆ ಅಂಟು ಕೆಡುತ್ತದೆ. ಸಮಯ, ಸಾಮಗ್ರಿ, ಎಚ್ಚರಿಕೆ ಎಲ್ಲವೂ ಹೆಚ್ಚು ಬೇಕು, ಆದ್ದರಿಂದ ಬೆಲೆಯೂ ಹೆಚ್ಚು.

ಇದಲ್ಲದೆ ಲವಂಗದ ಎಣ್ಣೆಯ ಅಂಶವಿರುವ ತಾತ್ಕಾಲಿಕ ಫಿಲ್ಲಿಂಗ್ ಒಂದಿದೆ. ನೋವು ಇಳಿಸಲು ಕೆಲವು ವಾರಗಳ ಮಟ್ಟಿಗೆ ಹಾಕುವುದು. ನೋವು ಹೋಯಿತೆಂದು ಕೆಲವರು ಮತ್ತೆ ಬರುವುದೇ ಇಲ್ಲ. ಆರು ತಿಂಗಳ ಮೇಲೆ ಬಂದಾಗ ಫಿಲ್ಲಿಂಗೂ ಇಲ್ಲ, ಹಲ್ಲಿನ ಅರ್ಧ ಭಾಗವೂ ಇಲ್ಲ!

ಈಗ ಹಣದ ಲೆಕ್ಕ

ನಾನು ಹೇಳುವುದು ಇಂದು ನಮ್ಮ ರಾಜ್ಯದ ಜಿಲ್ಲಾ ಕೇಂದ್ರ ಮತ್ತು ತಾಲೂಕು ಪಟ್ಟಣಗಳ ಖಾಸಗಿ ಕ್ಲಿನಿಕ್‌ಗಳ ಅಂದಾಜು. ಬೆಂಗಳೂರಿನಲ್ಲಿ ಇದಕ್ಕಿಂತ ಹೆಚ್ಚಿರಬಹುದು, ಸಣ್ಣ ಊರಿನಲ್ಲಿ ಕಡಿಮೆ ಇರಬಹುದು. ಗ್ಲಾಸ್ ಅಯಾನೊಮರ್ ತುಂಬಿಸಲು ಸುಮಾರು 500ರಿಂದ 1,200 ರೂಪಾಯಿ. ಕಾಂಪೋಸಿಟ್‌ಗೆ ಸುಮಾರು 1,000ದಿಂದ 2,500 ರೂಪಾಯಿ. ಹುಳುಕು ನರಕ್ಕೆ ಮುಟ್ಟಿದ್ದರೆ ರೂಟ್ ಕೆನಾಲ್ ಚಿಕಿತ್ಸೆ. ದವಡೆ ಹಲ್ಲಿಗೆ ಸುಮಾರು 3,500ರಿಂದ 8,000 ರೂಪಾಯಿ. ಅದರ ಮೇಲೆ ಹಾಕುವ ಕ್ಯಾಪ್‌ಗೆ, ಲೋಹದ್ದೋ ಸಿರಾಮಿಕ್ಕೋ ಜಿರ್ಕೋನಿಯಾವೋ ಎಂಬುದರ ಮೇಲೆ 3,000ದಿಂದ 12,000 ರೂಪಾಯಿಯವರೆಗೂ ಆಗಬಹುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ದಿನಕ್ಕೆ 700 ರೂಪಾಯಿ ಸಂಪಾದಿಸುವ ಒಬ್ಬ ಗಾರೆ ಕೆಲಸದವರ ದವಡೆಯಲ್ಲಿ ಸಣ್ಣ ಕುಳಿ ಇದೆ ಎಂದಿಟ್ಟುಕೊಳ್ಳಿ. ಇಂದು ಹೋದರೆ 800 ರೂಪಾಯಿ, ಅರ್ಧ ದಿನದ ಕೂಲಿ 350 ರೂಪಾಯಿ, ಒಟ್ಟು 1,150. ಎರಡು ವರ್ಷ ಬಿಟ್ಟು ನೋವು ಬಂದ ಮೇಲೆ ಹೋದರೆ ರೂಟ್ ಕೆನಾಲ್‌ಗೆ 5,000, ಕ್ಯಾಪ್‌ಗೆ 4,000, ಐದು ಸಲ ಓಡಾಟಕ್ಕೆ ಐದು ಅರ್ಧ ದಿನದ ಕೂಲಿ 1,750. ಒಟ್ಟು 10,750 ರೂಪಾಯಿ. ಹೆಚ್ಚು ಕಡಿಮೆ ಒಂಬತ್ತು ಪಟ್ಟು. ನಡುವೆ ನುಂಗಿದ ನೋವಿನ ಮಾತ್ರೆಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

"ಅಷ್ಟೆಲ್ಲ ಯಾಕೆ, ಕಿತ್ತು ಬಿಸಾಡಿ" ಎನ್ನುವವರು ತುಂಬಾ ಜನ. ಕೀಳುವುದಕ್ಕೆ ಕಡಿಮೆ ಹಣ ಸಾಕು ಎಂಬುದು ನಿಜ. ಆದರೆ ಹಲ್ಲು ಹೋದ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ವಾಲುತ್ತವೆ. ಎದುರಿನ ಹಲ್ಲು ಉದ್ದವಾಗಿ ಇಳಿಯುತ್ತದೆ. ಆ ಬದಿಯಲ್ಲಿ ಜಗಿಯುವುದು ಕಡಿಮೆಯಾಗಿ ಇನ್ನೊಂದು ಬದಿಗೆ ಭಾರ ಬೀಳುತ್ತದೆ. ಮುಂದೆ ಕಟ್ಟುಹಲ್ಲು ಹಾಕಿಸಬೇಕೆಂದರೆ ಮೂರು ಕ್ಯಾಪ್‌ಗಳ ಖರ್ಚು. ಇಂಪ್ಲಾಂಟ್ ಎಂದರೆ 20,000 ರೂಪಾಯಿಗೂ ಮೇಲೆ. ಉಳಿಸಲು ಸಾಧ್ಯವೇ ಇಲ್ಲದ ಹಲ್ಲನ್ನು ಕೀಳಲೇಬೇಕು. ಉಳಿಯಬಹುದಾದ ಹಲ್ಲನ್ನು ಹಣ ಉಳಿಸಲೆಂದು ಕೀಳಿಸುವುದು ಮಳೆಗಾಲಕ್ಕೆ ಮುಂಚೆ ಹಂಚು ಮಾರಿದ ಹಾಗೆ.

ಸಾಮಾನ್ಯ ಆರೋಗ್ಯ ವಿಮೆಯ ಪಾಲಿಸಿಗಳು ಅಪಘಾತದಿಂದಾದ ಪೆಟ್ಟಿನ ಹೊರತು ಹಲ್ಲಿನ ಚಿಕಿತ್ಸೆಗೆ ಹಣ ಕೊಡುವುದು ಅಪರೂಪ. ಆದ್ದರಿಂದ ಈ ಖರ್ಚು ನೇರವಾಗಿ ಮನೆಯ ಯಜಮಾನನ ಜೇಬಿನಿಂದ ಹೋಗುತ್ತದೆ. ಮನೆಯಲ್ಲಿ ಹಣ ಕಡಿಮೆಯಿದ್ದಾಗ ಮೊದಲು ಮುಂದೂಡಲ್ಪಡುವುದು ತಾಯಿಯ ಹಲ್ಲು. ಮಕ್ಕಳ ಫೀಸು, ಗಂಡನ ಬಿಪಿ ಮಾತ್ರೆ, ಅತ್ತೆಯ ಕನ್ನಡಕ ಎಲ್ಲ ಆದ ಮೇಲೆ ಅವಳ ಸರದಿ. ಎಷ್ಟೋ ತಾಯಂದಿರು ನನ್ನ ಕುರ್ಚಿಗೆ ಬರುವಾಗ ತುಂಬಿಸಲು ಏನೂ ಉಳಿದಿರುವುದಿಲ್ಲ. ಇಲ್ಲಿ ಕುಳಿತಿರುವ ಮಕ್ಕಳು ಮನೆಗೆ ಹೋಗಿ ನಿಮ್ಮ ತಾಯಿಯನ್ನು ಒಂದು ಮಾತು ಕೇಳಿ: "ಅಮ್ಮಾ, ನೀವು ಯಾವ ಬದಿಯಲ್ಲಿ ಜಗಿಯುತ್ತೀರಿ?" ಎರಡೂ ಬದಿ ಎಂದರೆ ಸಂತೋಷ. ಒಂದೇ ಬದಿ ಎಂದರೆ ಇನ್ನೊಂದು ಬದಿಯಲ್ಲಿ ಏನೋ ಇದೆ ಎಂದು ತಿಳಿಯಿರಿ.

ಕಡಿಮೆ ಖರ್ಚಿನಲ್ಲಿ ಎಲ್ಲಿ ಮಾಡಿಸಬಹುದು?

ಖಾಸಗಿ ಕ್ಲಿನಿಕ್ ಒಂದೇ ದಾರಿಯಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ದಂತವೈದ್ಯರಿದ್ದಾರೆ. ಅಲ್ಲಿ ಶುಲ್ಕ ಅತ್ಯಲ್ಪ. ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ದಂತ ವೈದ್ಯಕೀಯ ಕಾಲೇಜುಗಳ ಸಂಖ್ಯೆಯಲ್ಲಿ ನಮ್ಮ ರಾಜ್ಯ ದೇಶದಲ್ಲೇ ಮುಂಚೂಣಿಯಲ್ಲಿದೆ. ಮಣಿಪಾಲ, ಮಂಗಳೂರು, ದೇರಳಕಟ್ಟೆ, ಸುಳ್ಯ, ವಿರಾಜಪೇಟೆ, ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ವಿಜಯಪುರ, ಕಲಬುರಗಿ ಹೀಗೆ ಪಟ್ಟಿ ಉದ್ದವಿದೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಸಾಲಿನಲ್ಲಿ ಕಾಯಬೇಕು. ಆದರೆ ಪ್ರತಿ ಹಂತವನ್ನೂ ಹಿರಿಯರು ಪರಿಶೀಲಿಸುತ್ತಾರೆ, ಖರ್ಚು ಖಾಸಗಿ ಕ್ಲಿನಿಕ್‌ಗಿಂತ ಎಷ್ಟೋ ಕಡಿಮೆ.

ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಶಾಲೆಗೆ ಬರುವ ವೈದ್ಯರ ತಂಡ ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಇದೆ. ತಂಡ ಬಂದ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ. ಚೀಟಿ ಬರೆದುಕೊಟ್ಟರೆ ಅದನ್ನು ಪುಸ್ತಕದೊಳಗೆ ಇಟ್ಟು ಮರೆಯಬೇಡಿ.

ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲಿದ್ದಾರೆ. ಅಲ್ಲಿ ಹಲ್ಲಿನ ಚಿಕಿತ್ಸೆ ದುಬಾರಿ ಎಂದು ಊರಿಗೆ ಬರುವವರೆಗೆ ಕಾಯುತ್ತಾರೆ. ಬಂದವರು ಮದುವೆ, ಮನೆ ಕೆಲಸ, ನೆಂಟರ ಮನೆ ಎಂದು ಓಡಾಡಿ, ವಿಮಾನಕ್ಕೆ ಮೂರು ದಿನ ಉಳಿದಿರುವಾಗ ಕ್ಲಿನಿಕ್‌ಗೆ ಬರುತ್ತಾರೆ. ರೂಟ್ ಕೆನಾಲ್ ಮತ್ತು ಕ್ಯಾಪ್ ಎರಡೂ ಸೇರಿದರೆ ಎರಡು ವಾರವಾದರೂ ಬೇಕಾಗಬಹುದು. ರಜೆಯ ಮೊದಲ ವಾರದಲ್ಲೇ ಬನ್ನಿ ಎಂದು ಅವರಿಗೆ ಈಗಲೇ ಫೋನ್ ಮಾಡಿ ತಿಳಿಸಿ.

ವೈದ್ಯರನ್ನು ಏನು ಕೇಳಬೇಕು?

ಪ್ರಶ್ನೆ ಕೇಳುವುದು ಅಗೌರವವಲ್ಲ. ಕುರ್ಚಿಯಲ್ಲಿ ಕುಳಿತ ಮೇಲೆ, ಯಂತ್ರ ಬಾಯಿಗೆ ಬರುವ ಮೊದಲು ಈ ಐದು ಪ್ರಶ್ನೆ ಕೇಳಿ.

ಒಂದು, ಹುಳುಕು ಎಷ್ಟು ಆಳಕ್ಕಿದೆ, ಎಕ್ಸ್‌ರೇ ತೋರಿಸುತ್ತೀರಾ? ಎರಡು, ಯಾವ ವಸ್ತು ತುಂಬುತ್ತೀರಿ, ಅದಕ್ಕಿಂತ ಕಡಿಮೆ ಬೆಲೆಯದು ಈ ಹಲ್ಲಿಗೆ ಸಾಕಾಗುತ್ತದೆಯೇ? ಮೂರು, ಒಟ್ಟು ಎಷ್ಟಾಗುತ್ತದೆ, ಎಕ್ಸ್‌ರೇ ಮತ್ತು ಔಷಧಿ ಅದರಲ್ಲಿ ಸೇರಿದೆಯೇ? ನಾಲ್ಕು, ಎಷ್ಟು ಸಲ ಬರಬೇಕು? ಐದು, ಹಲವು ಹಲ್ಲು ಹುಳುಕಾಗಿದ್ದರೆ ಯಾವುದನ್ನು ಮೊದಲು ಮಾಡಿಸಬೇಕು, ಯಾವುದು ಮುಂದಿನ ತಿಂಗಳವರೆಗೆ ಕಾಯಬಲ್ಲದು?

ಈ ಐದನೆಯ ಪ್ರಶ್ನೆ ಬಡವರಿಗೆ ಬಹಳ ಮುಖ್ಯ. ಐದು ಹಲ್ಲಿನ ಖರ್ಚು ಒಟ್ಟಿಗೆ ಕೇಳಿ ಹೆದರಿ ಮನೆಗೆ ಹೋದವರು ಒಂದನ್ನೂ ಮಾಡಿಸುವುದಿಲ್ಲ. ನರಕ್ಕೆ ಹತ್ತಿರವಾದದ್ದನ್ನು ಈ ತಿಂಗಳು, ಉಳಿದದ್ದನ್ನು ಒಂದೊಂದಾಗಿ ಮಾಡಿಸಿಕೊಳ್ಳಬಹುದು. ಉತ್ತರ ಕೊಡಲು ಸಿಡುಕುವ ವೈದ್ಯರಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳುವ ಹಕ್ಕು ನಿಮಗಿದೆ. ಹಾಗೆಯೇ ವೈದ್ಯರ ಕಷ್ಟವನ್ನೂ ತಿಳಿಯಿರಿ. ಕುರ್ಚಿ, ಕಂಪ್ರೆಸರ್, ಉಪಕರಣಗಳನ್ನು ಪ್ರತಿ ರೋಗಿಗೂ ಹಬೆಯಲ್ಲಿ ಶುದ್ಧಗೊಳಿಸುವ ಯಂತ್ರ, ಕೈಗವಸು, ಸಹಾಯಕರ ಸಂಬಳ, ಬಾಡಿಗೆ ಎಲ್ಲವೂ ಆ ಬಿಲ್ಲಿನಲ್ಲಿ ಸೇರಿದೆ. ಬಸ್ ನಿಲ್ದಾಣದ ಬದಿಯಲ್ಲಿ ನೂರು ರೂಪಾಯಿಗೆ ಹಲ್ಲು ಕಟ್ಟುವವರಿಗೆ ಈ ಖರ್ಚುಗಳಿಲ್ಲ, ಶುದ್ಧತೆಯೂ ಇಲ್ಲ. ಶುದ್ಧಗೊಳಿಸದ ಉಪಕರಣದಿಂದ ಹೆಪಟೈಟಿಸ್‌ನಂತಹ ರೋಗ ಹರಡಬಹುದು.

ಕೆಲವು ತಪ್ಪು ತಿಳಿವಳಿಕೆಗಳು

ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂಬ ಹೆದರಿಕೆ ಇಂದಿಗೂ ಇದೆ. ಇದು ಸುಳ್ಳು. ನೋಡುವ ನರವೇ ಬೇರೆ, ಹಲ್ಲಿನ ನರವೇ ಬೇರೆ.

ಹಾಲುಹಲ್ಲು ಹೇಗೂ ಬೀಳುತ್ತದೆ, ತುಂಬಿಸುವುದು ದಂಡ ಎನ್ನುತ್ತಾರೆ. ಹಾಲಿನ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಇರುತ್ತವೆ. ಅವು ಬೇಗ ಹೋದರೆ ಮುಂದಿನ ಹಲ್ಲಿಗೆ ಜಾಗ ತಪ್ಪಿ ಸಾಲು ಸೊಟ್ಟಾಗುತ್ತದೆ. ಇನ್ನೊಂದು ಮುಖ್ಯ ವಿಷಯ. ಮಗುವಿಗೆ ಆರು ವರ್ಷವಾದಾಗ ಹಾಲುಹಲ್ಲುಗಳ ಹಿಂದೆ ಒಂದು ಹೊಸ ದವಡೆ ಹಲ್ಲು ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ತಂದೆತಾಯಿ ಅದನ್ನು ಹಾಲುಹಲ್ಲೆಂದೇ ತಿಳಿಯುತ್ತಾರೆ. ಅದು ಜೀವಮಾನಕ್ಕೆ ಒಂದೇ ಸಲ ಬರುವ ಹಲ್ಲು. ಹುಳುಕಿಗೆ ಸುಲಭವಾಗಿ ತುತ್ತಾಗುವುದೂ ಅದೇ. ಅದರ ಗೀರುಗಳನ್ನು ಮೊದಲೇ ಮುಚ್ಚಿಸುವ ಸೀಲಂಟ್ ಎಂಬ ಸರಳ ಚಿಕಿತ್ಸೆ ಇದೆ.

ನೋವಾದಾಗ ಹಲ್ಲಿಗೆ ಹೊಗೆಸೊಪ್ಪು ಒತ್ತುವುದು, ಪೆಟ್ರೋಲ್ ಹತ್ತಿ ಇಡುವುದು, ಮೆಡಿಕಲ್ ಶಾಪಿನಿಂದ ತಾವೇ ಆಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುವುದು, ಇವೆಲ್ಲ ಅಪಾಯಕಾರಿ. ಕೀವು ತುಂಬಿದ ಹಲ್ಲಿನ ಸೋಂಕು ದವಡೆಯ ಕೆಳಗೆ, ಕುತ್ತಿಗೆಗೆ ಹರಡಿದರೆ ಉಸಿರಾಟಕ್ಕೇ ತೊಂದರೆಯಾಗಬಹುದು. ಬಾಯಿ ತೆರೆಯಲಾಗದಿದ್ದರೆ, ಎಂಜಲು ನುಂಗಲು ಕಷ್ಟವಾದರೆ, ಗದ್ದದ ಕೆಳಗೆ ಬಾವು ಬಂದು ಜ್ವರವಿದ್ದರೆ ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು.

ತುಂಬಿಸುವ ಸ್ಥಿತಿಯೇ ಬರದಿರಲು

ಈಗ ಉಪದೇಶಕ್ಕೆ ಬಂದೆ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಆಮ್ಲ ಹುಟ್ಟುತ್ತದೆ. ಎಂಜಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ಹಾಗಾಗಿ ಎಷ್ಟು ಸಿಹಿ ತಿಂದಿರಿ ಎನ್ನುವಷ್ಟೇ, ದಿನಕ್ಕೆ ಎಷ್ಟು ಸಲ ತಿಂದಿರಿ ಎನ್ನುವುದೂ ಮುಖ್ಯ. ಬೆಳಗ್ಗೆ ಚಹಾ, ಹತ್ತಕ್ಕೆ ಚಹಾ ಬಿಸ್ಕತ್ತು, ಮಧ್ಯಾಹ್ನ ಶರಬತ್ತು, ಸಂಜೆ ಚಹಾ, ರಾತ್ರಿ ತಂಪು ಪಾನೀಯ ಎಂದರೆ ದಿನಕ್ಕೆ ಎರಡೂವರೆ ಗಂಟೆ ಹಲ್ಲು ಆಮ್ಲದಲ್ಲಿ ಮುಳುಗಿರುತ್ತದೆ. ಹಲ್ವಾ ತಿನ್ನಬೇಕೆಂದರೆ ಊಟದ ಜೊತೆಗೇ ತಿಂದು ಮುಗಿಸಿ. ರಮಝಾನಿನಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ಸಿಹಿ ತಿನ್ನುತ್ತಾ, ಕುಡಿಯುತ್ತಾ ಇರುವ ರೂಢಿ ಹಲವರಿಗಿದೆ. ಸಹರಿ ಊಟದ ನಂತರ ಹಲ್ಲುಜ್ಜಲು ಐದು ನಿಮಿಷ ಉಳಿಸಿಕೊಳ್ಳಿ.

ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ, ಅದರಲ್ಲೂ ರಾತ್ರಿ ಮಲಗುವ ಮೊದಲು ಉಜ್ಜಿ. ಪೇಸ್ಟಿನ ಡಬ್ಬದ ಮೇಲೆ 1,000 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಫ್ಲೋರೈಡ್ ಎಂದಿದೆಯೇ ನೋಡಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಅದರ ಮೇಲಿನ ಪುಟ್ಟ ಮಕ್ಕಳಿಗೆ ಬಟಾಣಿಯಷ್ಟು ಪೇಸ್ಟ್ ಸಾಕು. ಕೋಲಾರ, ಪಾವಗಡದಂತಹ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿ ಹಲ್ಲು ಕಂದಾಗುತ್ತದೆ. ಅಲ್ಲಿಯವರು ವೈದ್ಯರನ್ನು ಕೇಳಿ ಪೇಸ್ಟ್ ಆರಿಸಿಕೊಳ್ಳಬೇಕು. ಮಿಸ್ವಾಕ್ ಬಳಸುವವರು ಬಿಡಬೇಕಾಗಿಲ್ಲ. ಸರಿಯಾಗಿ ಬಳಸಿದರೆ ಅದು ಹಲ್ಲಿನ ಪಾಚಿಯನ್ನು ಚೆನ್ನಾಗಿ ತೆಗೆಯುತ್ತದೆ. ಹಿಂದಿನ ದವಡೆ ಹಲ್ಲುಗಳ ಒಳಬದಿಗೆ ಅದು ತಲುಪುವುದು ಕಷ್ಟ, ಅಲ್ಲಿಗೆ ಬ್ರಷ್ ಬೇಕು.

ಸಂಘಕ್ಕೆ ಒಂದು ಮನವಿ

ಸಂಘವು ಪ್ರತಿವರ್ಷ ಬಡ ವಿದ್ಯಾರ್ಥಿಗಳಿಗೆ ಫೀಸು, ಪುಸ್ತಕ, ಸಮವಸ್ತ್ರ ಕೊಡುತ್ತಿದೆ. ಬಹಳ ಸಂತೋಷದ ವಿಷಯ. ಆ ಪಟ್ಟಿಗೆ ಹಲ್ಲನ್ನೂ ಸೇರಿಸಿ ಎಂಬುದು ನನ್ನ ವಿನಂತಿ. ಸ್ಕಾಲರ್‌ಶಿಪ್ ಪಡೆಯುವ ನೂರು ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ಅವರನ್ನು ವರ್ಷಕ್ಕೊಮ್ಮೆ ಹತ್ತಿರದ ದಂತ ವೈದ್ಯಕೀಯ ಕಾಲೇಜಿನ ಶಿಬಿರಕ್ಕೆ ಕರೆದೊಯ್ಯಲು ಎರಡು ಬಸ್ಸಿನ ಬಾಡಿಗೆ ಸಾಕು. ಶಿಬಿರ ಮಾಡಿ, ಫೋಟೋ ತೆಗೆದು, ಬ್ರಷ್ ಹಂಚಿ ಮುಗಿಸುವುದು ಸಾಲದು. ಹುಳುಕು ಕಂಡ ಮಗುವಿನ ಹೆಸರು ಬರೆದಿಟ್ಟು, ಆ ಹಲ್ಲು ತುಂಬಿಸಿದ್ದಾರೆಯೇ ಎಂದು ಮೂರು ತಿಂಗಳ ನಂತರ ವಿಚಾರಿಸುವ ಒಬ್ಬ ಸ್ವಯಂಸೇವಕ ಬೇಕು. ಯುವಕರೇ, ನಿಮ್ಮಲ್ಲಿ ಒಬ್ಬರು ಈ ಹೊಣೆ ಹೊತ್ತುಕೊಳ್ಳಿ. ಶಿಬಿರದ ದಿನ ನನ್ನ ಸಮಯವನ್ನು ನಾನು ಉಚಿತವಾಗಿ ಕೊಡುತ್ತೇನೆ.

ಹಲ್ಲು ತುಂಬಿಸಲು ಎಷ್ಟು ಖರ್ಚಾಗುತ್ತದೆ ಎಂದು ಕೇಳಿದಿರಿ. ಬೇಗ ಬಂದರೆ ಒಂದು ಜೊತೆ ಚಪ್ಪಲಿಯ ಬೆಲೆ, ತಡವಾಗಿ ಬಂದರೆ ಒಂದು ತಿಂಗಳ ಸಂಸಾರದ ಖರ್ಚು. ಬೇಗ ಬರುವಂತೆ ಒಬ್ಬರಿಗೊಬ್ಬರು ನೆನಪಿಸೋಣ.